ಕೊಂಡದ್ದೋ, ಬರೆಸಿಕೊಂಡದ್ದೋ?

ಫ್ಲಾರಿಡಾವನ್ನು ಅಮೆರಿಕ ಸ್ಪೇನಿನಿಂದ 50 ಲಕ್ಷ ಡಾಲರಿಗೆ ಕೊಂಡಿತು ಅಂತ ನಾನೂ ಬಹಳ ವರ್ಷ ನಂಬಿಕೊಂಡಿದ್ದೆ. 1819ರ ಫೆಬ್ರವರಿ 22ರಂದು ಸಹಿಯಾದ ಒಪ್ಪಂದವನ್ನು ಕೂತು ಓದಿದ ಮೇಲೆ ಆ 'ಕೊಂಡಿತು' ಗಂಟಲಲ್ಲೇ ಸಿಕ್ಕಿಕೊಂಡಿದೆ. ಸ್ಪೇನಿನ ಕೈಗೆ ಒಂದು ಡಾಲರೂ ಹೋಗಲಿಲ್ಲ. ಸ್ಪೇನಿನಿಂದ ನಮಗೆ ನಷ್ಟವಾಗಿದೆ ಎಂದು ದೂರುತ್ತಿದ್ದ ತನ್ನದೇ ಪ್ರಜೆಗಳಿಗೆ ಅಷ್ಟರವರೆಗೆ ಪರಿಹಾರ ಕೊಡಲು ಅಮೆರಿಕ ಒಪ್ಪಿಕೊಂಡಿತು, ಅಷ್ಟೇ. ಟೆಕ್ಸಾಸಿನ ಮೇಲಿನ ಹಕ್ಕನ್ನೂ ಬಿಟ್ಟುಕೊಟ್ಟಿತು. (1845ರಲ್ಲಿ ಅದನ್ನೂ ಸೇರಿಸಿಕೊಂಡಿತು ಅನ್ನೋದು ಬೇರೆ ಕತೆ.)

ನನ್ನ ತಕರಾರು ಒಪ್ಪಂದಕ್ಕಿಂತ ಅದಕ್ಕೆ ದಾರಿ ಮಾಡಿದ ಒಂದು ಪತ್ರದ ಬಗ್ಗೆ. 1818ರಲ್ಲಿ ಜನರಲ್ ಆಂಡ್ರ್ಯೂ ಜ್ಯಾಕ್ಸನ್ ಸೆಮಿನೋಲ್ ಜನರನ್ನು ಅಟ್ಟಿಸಿಕೊಂಡು ಸ್ಪೇನಿನ ಗಡಿ ದಾಟಿದ, ಸೇಂಟ್ ಮಾರ್ಕ್ಸ್, ಪೆನ್ಸಕೋಲಾ ಹಿಡಿದ, ಇಬ್ಬರು ಬ್ರಿಟಿಷರನ್ನು ಕೊಲ್ಲಿಸಿದ. ಮಂತ್ರಿಮಂಡಲದಲ್ಲಿ ಅವನ ಪರ ಗಟ್ಟಿಯಾಗಿ ನಿಂತವರು ವಿದೇಶಾಂಗ ಕಾರ್ಯದರ್ಶಿ ಜಾನ್ ಕ್ವಿನ್ಸಿ ಆಡಮ್ಸ್. ಅವರು ನವೆಂಬರಿನಲ್ಲಿ ಮ್ಯಾಡ್ರಿಡ್ಡಿನ ತಮ್ಮ ರಾಯಭಾರಿಗೆ ಬರೆದ ಪತ್ರದ ವಾದ ನಮ್ಮ ಹಳ್ಳಿ ಭಾಷೆಯಲ್ಲಿ ಇಷ್ಟೇ: ಹೊಲ ಕಾಯೋ ತಾಕತ್ತಿದ್ರೆ ಕಾಯಿ, ಇಲ್ದಿದ್ರೆ ನಂಗೆ ಬರ್ಕೊಡು. ಬೇಲಿ ಮುರಿದವನೇ ಬೇಲಿ ಗಟ್ಟಿಯಿಲ್ಲ ಅಂತ ದಬಾಯಿಸುವುದು! ಆದರೆ ಬರವಣಿಗೆ ಎಷ್ಟು ಸೊಗಸಾಗಿದೆಯೆಂದರೆ, ಮೊದಲ ಓದಿನಲ್ಲಿ ನಾನೇ ತಲೆದೂಗಿದ್ದೆ.

ಎರಡನೇ ಓದಿನಲ್ಲಿ ಅಪಲಾಚಿಕೋಲಾ ನದಿಯ ಕೋಟೆಯ ಹತ್ತಿರ ನಿಂತುಬಿಟ್ಟೆ. ಗುಲಾಮಗಿರಿಯಿಂದ ಓಡಿಬಂದ ಕಪ್ಪು ಜನ ಹೆಂಡತಿ ಮಕ್ಕಳೊಂದಿಗೆ ಅಲ್ಲಿ ನೆಲೆಸಿದ್ದರು. 1816ರ ಜುಲೈನಲ್ಲಿ ಅಮೆರಿಕದ ದೋಣಿಯಿಂದ ಹಾರಿದ ಕೆಂಪಗೆ ಕಾಸಿದ ಗುಂಡೊಂದು ಮದ್ದಿನ ಮನೆಗೆ ಬಿತ್ತು. ಒಳಗಿದ್ದವರಲ್ಲಿ ಬಹುಪಾಲು ಜನ ಸತ್ತರು. ಅದೂ ಸ್ಪೇನಿನ ನೆಲವೇ. ಆಡಮ್ಸರ ಪತ್ರದಲ್ಲಿ ಆ ಕೋಟೆ ಬರೀ ಕಳ್ಳಕಾಕರ ಬೀಡು, ಸ್ಪೇನಿನ ಅಸಮರ್ಥತೆಗೆ ಸಾಕ್ಷಿ.

ಆಡಮ್ಸ್ ಅಂದರೆ ನನಗೆ ಇವತ್ತಿಗೂ ಗೌರವ. 1841ರಲ್ಲಿ ಅಮಿಸ್ಟಾಡ್ ಹಡಗಿನ ಆಫ್ರಿಕನ್ನರ ಬಿಡುಗಡೆಗಾಗಿ ಸುಪ್ರೀಂ ಕೋರ್ಟಿನಲ್ಲಿ ವಾದಿಸಿದ ಮುದುಕ ಅವರೇ. ಅದಕ್ಕೇ ಈ ಪತ್ರ ಜಾಸ್ತಿ ಚುಚ್ಚುತ್ತೆ.

ಇನ್ನು ಸೆಮಿನೋಲರನ್ನು ಯಾರೂ ಮಾತುಕತೆಗೆ ಕರೆಯಲಿಲ್ಲ. 1835ರಿಂದ ಏಳು ವರ್ಷ ಅವರು ಅದೇ ನೆಲಕ್ಕಾಗಿ ಕಾದಾಡಬೇಕಾಯಿತು. ಅಂದಹಾಗೆ 1821ರ ಜುಲೈನಲ್ಲಿ ಪೆನ್ಸಕೋಲಾದಲ್ಲಿ ಸ್ಪೇನಿನ ಬಾವುಟ ಇಳಿದಾಗ ಊರನ್ನು ವಹಿಸಿಕೊಂಡ ಗವರ್ನರ್ ಯಾರು ಅಂತೀರಿ? ಅದೇ ಜ್ಯಾಕ್ಸನ್.