ಫೋನ್ ಜತೆ ಬಂದ ಮೇಲ್

ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆಯಂಥ ಊರಲ್ಲಿ ಮೇಲ್ ಐಡಿ ಹುಟ್ಟುವುದು ಸಾಮಾನ್ಯವಾಗಿ ಮೊಬೈಲ್ ಅಂಗಡಿಯ ಗಾಜಿನ ಕೌಂಟರ್ ಮೇಲೆ. ಹೊಸ ಆಂಡ್ರಾಯ್ಡ್ ಫೋನಿನ ಡಬ್ಬ ಬಿಚ್ಚಿದ ಹುಡುಗ ಹೆಸರು ಕೇಳುತ್ತಾನೆ, ಹುಟ್ಟಿದ ವರ್ಷ ಕೇಳುತ್ತಾನೆ. ಬೇಕೆಂದ ಹೆಸರು ಸಿಗದಿದ್ದರೆ ಹಿಂದೆ ನಾಲ್ಕು ಅಂಕಿ ಅಂಟಿಸಿ, ಪಾಸ್‌ವರ್ಡನ್ನೂ ತಾನೇ ಹಾಕಿ ಕೊಟ್ಟುಬಿಡುತ್ತಾನೆ. ಪ್ಲೇ ಸ್ಟೋರ್ ತೆರೆಯಲು ಬೇಕೆಂದು ಮಾಡಿದ ಆ ಐಡಿಯೇ ಮುಂದೆ ಬ್ಯಾಂಕಿಗೂ ಜಿಎಸ್‌ಟಿಗೂ ಮಗಳ ವಿದ್ಯಾರ್ಥಿವೇತನಕ್ಕೂ ಕೊಡುವ ಐಡಿ. ಇಂಥಲ್ಲಿ ನಿಂತು ‘ವಿಂಡೋಸ್‌ಗೆ ಯಾವ ಮೇಲ್ ತಂತ್ರಾಂಶ ಒಳ್ಳೆಯದು, ಮ್ಯಾಕ್‌ಗೆ ಯಾವುದು, ಲಿನಕ್ಸ್‌ಗೆ ಯಾವುದು’ ಎಂದು ಪಟ್ಟಿ ಕೊಡುವ ತಂತ್ರಜ್ಞಾನದ ಅಂಕಣಗಳನ್ನು ಓದಿದರೆ ನಗು ಬರುತ್ತದೆ. ಜನ ಬೇರೆ ಬೇರೆ ಯಂತ್ರಗಳಲ್ಲಿ ಬೇರೆ ಬೇರೆ ಮೇಲ್ ತಂತ್ರಾಂಶ ಬಳಸುತ್ತಾರೆ ಎಂಬುದು ನಿಜ. ಅವರು ಅದನ್ನು ಆರಿಸಿಕೊಂಡಿದ್ದಾರೆ ಎಂಬುದು ಬಹುಪಾಲು ಸುಳ್ಳು.

ಕನ್ನಡದವರ ಮಟ್ಟಿಗಂತೂ ಈ ಆಯ್ಕೆ ಬಹಳ ಕಾಲ ಮೇಲ್‌ಗೆ ಸಂಬಂಧಪಟ್ಟದ್ದೇ ಆಗಿರಲಿಲ್ಲ. ಅಕ್ಷರಕ್ಕೆ ಸಂಬಂಧಪಟ್ಟದ್ದಾಗಿತ್ತು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂತು. ಬಳಿಕ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದು ಸರ್ಕಾರಿ ಕಚೇರಿಗಳಲ್ಲೆಲ್ಲ ಕೂತಿತು. ಎರಡೂ ವಿಂಡೋಸ್‌ಗೆಂದೇ ಬರೆದವು. ಕನ್ನಡದಲ್ಲಿ ಟೈಪ್ ಮಾಡಬೇಕು ಎಂದರೆ ವಿಂಡೋಸ್ ಬೇಕು, ವಿಂಡೋಸ್ ಹಾಕಿದರೆ ಅದರೊಳಗೆ ಔಟ್‌ಲುಕ್ ಎಕ್ಸ್‌ಪ್ರೆಸ್ ಎಂಬ ಮೇಲ್ ತಂತ್ರಾಂಶ ಬಂದೇ ಬಂತು. ಅದಕ್ಕಿಂತ ಒಳ್ಳೆಯ ಯೂಡೋರಾ ಇತ್ತು, 2004ರ ಡಿಸೆಂಬರಿನಿಂದ ಥಂಡರ್‌ಬರ್ಡ್ ಇತ್ತು. ಹುಡುಕಿ ಹಾಕಿಕೊಳ್ಳುವ ಗೋಜಿಗೆ ಹೋದವರು ಎಷ್ಟು ಮಂದಿ?

ಔಟ್‌ಲುಕ್ ಎಕ್ಸ್‌ಪ್ರೆಸ್ ಕನ್ನಡಕ್ಕೆ ಮಾಡಿದ ಉಪಕಾರವೂ ಅಷ್ಟಕ್ಕಷ್ಟೆ. ನುಡಿಯಲ್ಲಿ ಬರೆದ ಮೇಲ್ ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳೂ ಚಿತ್ರವಿಚಿತ್ರ ಚಿಹ್ನೆಗಳೂ ಕಲಸಿದ ಚಿತ್ರಾನ್ನ. ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಫಾಂಟಿನ ಜತೆ ಯೂನಿಕೋಡ್ ಕನ್ನಡ ಬಂತಾದರೂ, ಕಳಿಸುವ ಮುನ್ನ ಎನ್‌ಕೋಡಿಂಗ್ ಬದಲಿಸದಿದ್ದರೆ ಆ ಕಡೆ ತಲುಪುತ್ತಿದ್ದದ್ದು ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆ. ಆದ್ದರಿಂದಲೇ ಕನ್ನಡ ಪತ್ರಿಕೆಗಳಿಗೆ ಲೇಖನ ಕಳಿಸುವವರು ಮೇಲ್‌ನ ಒಳಗೆ ಏನೂ ಬರೆಯದೆ, ವರ್ಡ್ ಕಡತವನ್ನೋ ಪಿಡಿಎಫ್ ಅನ್ನೋ ಲಗತ್ತಿಸುವ ರೂಢಿ ಬೆಳೆಯಿತು. ಯೂನಿಕೋಡ್ ಎಲ್ಲ ಕಡೆ ಸರಿಯಾದ ಮೇಲೂ ಆ ರೂಢಿ ಬಿಟ್ಟಿಲ್ಲ. ಮೇಲ್ ಎಂಬುದು ನಮಗೆ ಇವತ್ತಿಗೂ ಪತ್ರವಲ್ಲ, ಲಕೋಟೆ.

ಲಿನಕ್ಸ್ ಬಳಸುತ್ತಿದ್ದ ಕೆಲವೇ ಕನ್ನಡಿಗರ ಪಾಡು ಇನ್ನೊಂದು ಬಗೆ. ಗ್ನೋಮ್ ಡೆಸ್ಕ್‌ಟಾಪ್ ಬಳಸುವವರಿಗೆ ಎವಲ್ಯೂಷನ್, ಕೆಡಿಇ ಡೆಸ್ಕ್‌ಟಾಪಿನವರಿಗೆ ಕೆಮೇಲ್. ಮೊದಲನೆಯದರಲ್ಲಿ ಅಕ್ಷರ ಜೋಡಿಸುತ್ತಿದ್ದದ್ದು ಪ್ಯಾಂಗೊ, ಎರಡನೆಯದರಲ್ಲಿ ಕ್ಯೂಟಿ. ಒತ್ತಕ್ಷರ, ಅರ್ಕಾವೊತ್ತು ಒಂದರಲ್ಲಿ ಸರಿಯಾಗಿ ಕೂತರೆ ಇನ್ನೊಂದರಲ್ಲಿ ಜಾರಿಬೀಳಬಹುದಿತ್ತು. ಹಾರ್ಫ್‌ಬಜ್ ಎಂಬ, ಅಕ್ಷರ ಜೋಡಿಸುವ ಒಂದೇ ತಂತ್ರಾಂಶವನ್ನು ಎಲ್ಲರೂ ಒಪ್ಪಿಕೊಂಡ ಮೇಲೆ ಈ ಜಗಳ ತಣ್ಣಗಾಯಿತು. ಇಲ್ಲಿ ಮಾತ್ರ ನಿಜವಾದ ಆಯ್ಕೆ ಇತ್ತು ಎನ್ನಬಹುದೇನೋ: ಯಾವುದರಲ್ಲಿ ಅಮ್ಮನ ಹೆಸರು ಸರಿಯಾಗಿ ಕಾಣುತ್ತದೋ ಅದು.

ಯಂತ್ರಕ್ಕೊಂದು ಮೇಲ್ ತಂತ್ರಾಂಶ ಎಂಬ ಈ ಗೋಡೆಗಳನ್ನು ಕೆಡವಿದ್ದು ಬ್ರೌಸರ್. ಬೆಂಗಳೂರಿನಲ್ಲಿ ಶಾಲೆ ಓದಿದ ಸಬೀರ್ ಭಾಟಿಯಾ, ಜ್ಯಾಕ್ ಸ್ಮಿತ್ ಜತೆ ಸೇರಿ 1996ರ ಜುಲೈ 4ರಂದು ಹಾಟ್‌ಮೇಲ್ ತೆರೆದಾಗ ಹೇಳಿದ್ದು ಇಷ್ಟೇ: ಯಂತ್ರ ಯಾರದಾದರೂ ಇರಲಿ, ಪೆಟ್ಟಿಗೆ ನಿಮ್ಮದು. ತಮಾಷೆಯೆಂದರೆ, ಮರುವರ್ಷದ ಕೊನೆಗೆ ಹಾಟ್‌ಮೇಲ್ ಕೊಂಡ ಮೈಕ್ರೋಸಾಫ್ಟ್ ಅದನ್ನು ವರ್ಷಗಟ್ಟಲೆ ಫ್ರೀಬಿಎಸ್‌ಡಿ ಸರ್ವರ್‌ಗಳ ಮೇಲೆಯೇ ನಡೆಸಬೇಕಾಯಿತು. ವಿಂಡೋಸ್ ಮಾರುವವರ ಮೇಲ್ ವಿಂಡೋಸ್ ಮೇಲೆ ಓಡುತ್ತಿರಲಿಲ್ಲ! 2004ರ ಏಪ್ರಿಲ್ 1ರಂದು ಜಿಮೇಲ್ ಒಂದು ಗಿಗಾಬೈಟ್ ಜಾಗದೊಂದಿಗೆ ಬಂತು. 2009ರಲ್ಲಿ ಅದರ ಪುಟದೊಳಗೇ ಕನ್ನಡ ಟೈಪಿಸುವ ಸೌಲಭ್ಯ ಸೇರಿತು. ಇಂಗ್ಲಿಷ್ ಅಕ್ಷರದಲ್ಲಿ ಹೊಡೆದರೆ ಕನ್ನಡವಾಗುವುದು, ಅದೂ ಯಾವ ಯಂತ್ರದಲ್ಲಾದರೂ. ನುಡಿ, ಬರಹ ಹಾಕಿಲ್ಲದ ಸೈಬರ್ ಕೆಫೆಯಲ್ಲಿ ಕೂತು ಕನ್ನಡದಲ್ಲಿ ಮೇಲ್ ಬರೆಯಲು ಸಾಧ್ಯವಾದದ್ದು ಹೀಗೆ. 2012ರ ಆಂಡ್ರಾಯ್ಡ್ 4.1ರಲ್ಲಿ ಕನ್ನಡ, ತೆಲುಗು ಎರಡೂ ಸೇರಿದವು. ಮನೆಯಲ್ಲಿ ಒಂದು, ಸಂತೆಯಲ್ಲಿ ಒಂದು ಭಾಷೆ ಆಡುವ ಪಾವಗಡ ಸೀಮೆಗೆ ಇದು ಸಣ್ಣ ಸಂಗತಿಯಲ್ಲ.

ಹಾಗಾದರೆ ಎಲ್ಲರೂ ಜಿಮೇಲ್ ಬಳಸುತ್ತಿದ್ದಾರಲ್ಲ, ತಕರಾರು ಏನು? ಅದಕ್ಕೆ ಮಗ್ಗದ ಕಡೆ ನೋಡಬೇಕು. ಹೊಸಕೋಟೆ ರೇಷ್ಮೆ ಸೀರೆಯ ಊರು. ಗಡಿಯಾಚೆ ಆಂಧ್ರದಲ್ಲಿ ಇನ್ನೊಂದು ರೇಷ್ಮೆ ಊರು ಧರ್ಮಾವರ. ಜಕಾರ್ಡ್ ಮಗ್ಗದ ಸೆರಗು, ಅಂಚು, ಬುಟ್ಟಾಗಳ ವಿನ್ಯಾಸ ಈಗ ಗ್ರಾಫ್ ಹಾಳೆ ಬಿಟ್ಟು ಕಂಪ್ಯೂಟರಿಗೆ ಬಂದಿದೆ. ಆ ಚಿತ್ರದ ಒಂದೊಂದು ಚೌಕವೂ ಹಾಸಿನ ಎಳೆ ಏಳಬೇಕೋ ಕೂರಬೇಕೋ ಎಂಬ ಅಪ್ಪಣೆ. ಅದನ್ನು ವಾಟ್ಸ್ಆ್ಯಪ್‌ನಲ್ಲಿ ಫೋಟೋ ಎಂದು ಕಳಿಸಿದರೆ, ಅದು ಚಿತ್ರವನ್ನು ಕುಗ್ಗಿಸಿ, ಅಂಚುಗಳನ್ನು ಮಸುಕು ಮಾಡಿ, ಎರಡು ಬಣ್ಣದ ನಡುವೆ ಇಲ್ಲದ ಹತ್ತು ಬಣ್ಣ ತುಂಬುತ್ತದೆ. ಕಣ್ಣಿಗೆ ನವಿಲು ನವಿಲೇ. ಮಗ್ಗಕ್ಕೆ ಅದು ಕಸ. ಡಾಕ್ಯುಮೆಂಟ್ ಎಂದು ಕಳಿಸಿದರೆ ಉಳಿಯುತ್ತದೆ, ಆದರೆ ಫೋನ್ ತುಂಬಿದಾಗ ಮೊದಲು ಅಳಿಸುವುದೂ ಅದನ್ನೇ. ಮೇಲ್‌ನಲ್ಲಿ ಬಂದ ಕಡತ ಮಾತ್ರ ಹೋದ ಹಾಗೇ ಬರುತ್ತದೆ, ಮೂರು ದೀಪಾವಳಿ ಕಳೆದ ಮೇಲೆ ಹುಡುಕಿದರೂ ಸಿಗುತ್ತದೆ. ಹಳೆಯ ವಿನ್ಯಾಸ ಮತ್ತೆ ಚಾಲ್ತಿಗೆ ಬರುವ ಈ ಕಸುಬಿನಲ್ಲಿ ಮೇಲ್ ಪೆಟ್ಟಿಗೆಯೇ ಉಗ್ರಾಣ.

ಆ ಉಗ್ರಾಣದ ಬೀಗ ಮೊಬೈಲ್ ಅಂಗಡಿಯ ಹುಡುಗ ಹಾಕಿದ ಪಾಸ್‌ವರ್ಡು. ಫೋನ್ ಒಡೆದರೆ, ಹಳೆಯ ಪಾಸ್‌ವರ್ಡ್ ನೆನಪಿಲ್ಲದೆ ಹೊಸ ಫೋನಿಗೆ ಹೊಸ ಐಡಿ. ಎರಡು ವರ್ಷ ಯಾರೂ ಮುಟ್ಟದ ಖಾತೆಗಳನ್ನು ಗೂಗಲ್ 2023ರ ಡಿಸೆಂಬರಿನಿಂದ ಅಳಿಸುತ್ತ ಬಂದಿದೆ. ಯಾರೂ ಕದಿಯಲಿಲ್ಲ, ಯಾರೂ ಮೋಸ ಮಾಡಲಿಲ್ಲ. ವಿನ್ಯಾಸಗಳೂ ಜಿಎಸ್‌ಟಿ ಪತ್ರಗಳೂ ಹೋದವು.

ಜೆರಾಕ್ಸ್ ಅಂಗಡಿಯದು ಇದರ ತಿರುವುಮುರುವು. ‘ಇದಕ್ಕೆ ಮೇಲ್ ಹಾಕಿ’ ಎಂದು ಗೋಡೆಗೆ ಅಂಟಿಸಿದ ಚೀಟಿ, ವಿಂಡೋಸ್ ಯಂತ್ರದ ಕ್ರೋಮ್‌ನಲ್ಲಿ ಹಗಲಿಡೀ ತೆರೆದಿರುವ ಜಿಮೇಲ್. ಊರಿನ ಆಧಾರ್, ಪಹಣಿ, ಅಂಕಪಟ್ಟಿ ಎಲ್ಲ ಅಲ್ಲಿ ಬಂದು ಬೀಳುತ್ತವೆ, ಅಳಿಸುವವರಿಲ್ಲ. ಜನರ ಪೆಟ್ಟಿಗೆಗಳು ಮಾಯವಾಗುವ ಊರಲ್ಲಿ ಎಂದೂ ಖಾಲಿಯಾಗದ ಪೆಟ್ಟಿಗೆ ಇದೊಂದು.

ಮೇಲ್ ತಂತ್ರಾಂಶವನ್ನು ತೂಗಬೇಕಾದ ತಕ್ಕಡಿ ಹಾಗಾಗಿ ನನ್ನ ಪ್ರಕಾರ ಒಂದೇ: ಬಿಟ್ಟು ಹೋಗುವಾಗ ಸಾಮಾನು ಜತೆಗೆ ಬರುತ್ತದೆಯೇ? ಆ್ಯಪಲ್‌ನ ಮೇಲ್ ಮ್ಯಾಕ್ ಬಳಸುವವರಿಗೆ ಸೊಗಸು. ಹೊಸಕೋಟೆಯ ಮಾತಿರಲಿ, ಬೆಂಗಳೂರಲ್ಲೂ ಅದು ಎಲ್ಲರ ಕೈಗೆಟಕುವುದಲ್ಲ. ಔಟ್‌ಲುಕ್‌ನ ಮೇಲ್ ಕೂಡಿಡುವ ಹಳೆಯ ಪಿಎಸ್‌ಟಿ ಕಡತ 2 ಗಿಗಾಬೈಟ್ ಮುಟ್ಟಿದರೆ ಕೆಡುತ್ತಿದ್ದದ್ದನ್ನು ಕಚೇರಿ ಗುಮಾಸ್ತರನ್ನು ಕೇಳಿ ನೋಡಿ. ವಿಂಡೋಸ್‌ನ ಸರಳ ಮೇಲ್ ಆ್ಯಪ್ ಅನ್ನು 2024ರ ಕೊನೆಗೆ ನಿಲ್ಲಿಸಿ, ಅದರ ಜಾಗಕ್ಕೆ ತಂದು ಕೂರಿಸಿದ ಹೊಸ ಔಟ್‌ಲುಕ್, ಬೇರೆ ಕಂಪನಿಯ ಖಾತೆ ಸೇರಿಸಿದರೂ ಆ ಮೇಲ್‌ಗಳನ್ನು ಮೈಕ್ರೋಸಾಫ್ಟ್‌ನ ಸರ್ವರಿಗೆ ಎಳೆದುಕೊಳ್ಳುತ್ತದೆ. ಬಾಡಿಗೆದಾರನ ಸಾಮಾನಿಗೆ ಇಬ್ಬರು ಮಾಲೀಕರು. ಜಿಮೇಲ್ ಈ ವಿಷಯದಲ್ಲಿ ಅಷ್ಟು ಕೆಟ್ಟದ್ದಲ್ಲ: ಗೂಗಲ್‌ನ ಟೇಕ್‌ಔಟ್ ಸೇವೆಯ ಮೂಲಕ ಇಡೀ ಪೆಟ್ಟಿಗೆಯನ್ನು ಎಂಬಾಕ್ಸ್ ಕಡತದ ರೂಪದಲ್ಲಿ ಇಳಿಸಿಕೊಳ್ಳಲು ಬಿಡುತ್ತದೆ. ಆ ಬಾಗಿಲು ಎಲ್ಲಿದೆ ಎಂದು ಮಾತ್ರ ಹೇಳುವುದಿಲ್ಲ.

ಥಂಡರ್‌ಬರ್ಡ್ ನೋಡಲು ಗಡಸು, ಹಳೆಯ ಯಂತ್ರದಲ್ಲಿ ನಿಧಾನ. ಆದರೂ ನನ್ನ ಓಟು ಅದಕ್ಕೇ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಒಂದೇ ಥರ, ಕಡತ ಕೂಡಿಡುವ ಜಾಗ ಕಣ್ಣಿಗೆ ಕಾಣುತ್ತದೆ, ಆ ಫೋಲ್ಡರನ್ನೇ ಪೆನ್‌ಡ್ರೈವ್‌ಗೆ ಹಾಕಿಕೊಂಡು ಇನ್ನೊಂದು ಯಂತ್ರಕ್ಕೆ ಹೋಗಬಹುದು. ಕೆ-9 ಮೇಲ್ ಆಧರಿಸಿದ ಅದರ ಆಂಡ್ರಾಯ್ಡ್ ರೂಪವೂ 2024ರ ಅಕ್ಟೋಬರಿನಲ್ಲಿ ಬಂದಿದೆ. ಸರ್ವರ್ ಜತೆ ಮೇಲ್ ಹೊಂದಿಸಿಡುವ ಐಮ್ಯಾಪ್ ಮೂಲಕ ಜಿಮೇಲ್ ಖಾತೆಯನ್ನೇ ಥಂಡರ್‌ಬರ್ಡ್‌ಗೆ ಜೋಡಿಸಿದರೆ ಐಡಿ ಬದಲಿಸಬೇಕಿಲ್ಲ. ಮಗ್ಗದ ಮನೆಯ ಕಂಪ್ಯೂಟರಿನಲ್ಲಿ ವಿನ್ಯಾಸಗಳ ಒಂದು ಪ್ರತಿ ತಾನಾಗಿ ಕೂಡುತ್ತ ಹೋಗುತ್ತದೆ. ಆ ಪ್ರತಿಯನ್ನು ಆಗಾಗ ಬೇರೆ ಕಡೆ ನಕಲು ಮಾಡಿಡಬೇಕು, ಏಕೆಂದರೆ ಐಮ್ಯಾಪ್‌ನಲ್ಲಿ ಸರ್ವರ್‌ನಿಂದ ಅಳಿದದ್ದು ಇಲ್ಲಿಂದಲೂ ಅಳಿಯುತ್ತದೆ. ಇದನ್ನೆಲ್ಲ ಕೂಡಿಸಿಕೊಡಲು ಅರ್ಧ ಗಂಟೆ ಸಾಕು. ಮೊಬೈಲ್ ಅಂಗಡಿಯ ಹುಡುಗ ಅದಕ್ಕೆ ನೂರು ರೂಪಾಯಿ ಕೇಳಿದರೂ ಕೊಡಬಹುದು, ಪಾಸ್‌ವರ್ಡನ್ನು ಮಾತ್ರ ಅವನ ಕೈಲಿ ಹಾಕಿಸಬಾರದು.