ಬ್ಯಾಗ್ ಬಿಟ್ಟೋಗವ್ರೆ ಕಣಪ್ಪಾ

ಅವ್ವನನ್ನು ಮೊದಲ ಸಲ ವಿಮಾನ ಹತ್ತಿಸಿದ ದಿನದ ಮಾತು. ಅರೇಹಳ್ಳಿ ಬಿಟ್ಟಾಗಿನಿಂದ ಅವಳಿಗೆ ಒಂದೇ ಚಿಂತೆ, ಖಾರದಪುಡಿ ಡಬ್ಬಿ ಕಿತ್ಕೋತಾರಾ ಅಂತ. ನಿಲ್ದಾಣ ಯಾವುದು ಅನ್ನೋದು ಬೇಡ, ನಮ್ಮ ರಾಜ್ಯದ್ದೇ. ನಾನು ಕಾಫಿ ತರೋಕೆ ಹೋಗಿದ್ದೆ. (ಕಾಫಿ ಸೀಮೆಯವನು ಅಲ್ಲಿ ಕಾಸು ಕೊಟ್ಟು ಕಾಫಿ ಕುಡಿಯುವ ಸಂಕಟಕ್ಕೆ ಬೇರೆಯೇ ಅಂಕಣ ಬೇಕು.) ಅಷ್ಟರಲ್ಲಿ ಪಕ್ಕದ ಸೀಟಿನ ಕೆಳಗೆ ಯಾರೋ ಬಿಟ್ಟುಹೋದ ಕರಿ ಬ್ಯಾಗ್ ಅವ್ವನ ಕಣ್ಣಿಗೆ ಬಿದ್ದಿದೆ. ವಾರಸುದಾರರಿಲ್ಲದ ವಸ್ತು ಕಂಡರೆ ಭದ್ರತಾ ಸಿಬ್ಬಂದಿಗೆ ತಿಳಿಸಿ ಅಂತ ಮೈಕಿನಲ್ಲಿ ಕನ್ನಡದಲ್ಲೇ ಹೇಳ್ತಿದ್ರಲ್ಲ, ಎದ್ದು ಹೋಗಿ ಸಮವಸ್ತ್ರದ ಹುಡುಗನಿಗೆ ತಿಳಿಸಿದ್ದಾಳೆ: "ಯಾರೋ ಬ್ಯಾಗ್ ಬಿಟ್ಟೋಗವ್ರೆ ಕಣಪ್ಪಾ."

ಅವನಿಗೆ ಅರ್ಥವಾಗಿಲ್ಲ. ಬೋರ್ಡಿಂಗ್ ಪಾಸ್ ಇಸ್ಕೊಂಡು ನೋಡಿ, ಗೇಟಿನ ಕಡೆ ಕೈ ತೋರಿಸಿ, ಬಹಳ ಮರ್ಯಾದೆಯಿಂದಲೇ ವಾಪಸ್ ಕಳಿಸಿದ್ದಾನೆ. ನಾನು ಬರುವ ಹೊತ್ತಿಗೆ ಅವ್ವ ಆ ಬ್ಯಾಗಿನಿಂದ ಆರು ಸಾಲು ಆಚೆ ಕೂತಿದ್ದಳು. ಯಾವುದೋ ಮಗುವಿನ ಬ್ಯಾಗಂತೆ. ಅದರ ತಾಯಿ ಓಡಿ ಬಂದು ಎತ್ಕೊಂಡು ಹೋದರು.

ಏನೂ ಆಗಲಿಲ್ಲ, ನಿಜ. ಆದರೆ 2020ರ ಜನವರಿ 20ರಂದು ಮಂಗಳೂರು ವಿಮಾನ ನಿಲ್ದಾಣದಲ್ಲಿ ಸಿಕ್ಕಿದ್ದೂ ಹೀಗೇ ಬಿಟ್ಟುಹೋದ ಬ್ಯಾಗ್. ಒಳಗಿದ್ದದ್ದು ಸ್ಫೋಟಕ. ಸಿಐಎಸ್‌ಎಫ್‌ನವರು ಗಮನಿಸಿದ್ದರಿಂದ ಅದನ್ನು ಕೆಂಜಾರು ಮೈದಾನಕ್ಕೆ ಒಯ್ದು ಸ್ಫೋಟಿಸಲಾಯಿತು, ಜನ ಉಳಿದುಕೊಂಡರು. ಇಂಥದ್ದಾದಾಗಲೆಲ್ಲ ನಾವು ಕೇಳೋದು ಒಂದೇ ಪರಿಹಾರ: ಪೊಲೀಸರನ್ನು ಹೆಚ್ಚಿಸಿ, ಕ್ಯಾಮೆರಾ ಹೆಚ್ಚಿಸಿ. ನನ್ನ ತಕರಾರು ಇರೋದೇ ಇಲ್ಲಿ. ಇನ್‌ಪುಟ್ಟೇ ತಗೊಳ್ಳದ ಸಿಸ್ಟಮ್ಮಿಗೆ ಎಷ್ಟು ಸರ್ವರ್ ಸೇರಿಸಿದ್ರೇನು?

1999ರ ಡಿಸೆಂಬರಿನ ಕಂದಹಾರ್ ಅಪಹರಣದ ತನಕ ವಿಮಾನ ನಿಲ್ದಾಣ ಕಾಯುತ್ತಿದ್ದದ್ದು ಆಯಾ ರಾಜ್ಯದ ಪೊಲೀಸರು. 2000ದಲ್ಲಿ ಜೈಪುರದಿಂದ ಶುರುವಾಗಿ ಒಂದೊಂದೇ ನಿಲ್ದಾಣ ಸಿಐಎಸ್‌ಎಫ್ ಕೈಗೆ ಬಂತು. ಒಂದೇ ಪಡೆ, ಒಂದೇ ತರಬೇತಿ. ಆ ತೀರ್ಮಾನ ತಪ್ಪು ಅಂತ ನಾನು ಹೇಳಲಾರೆ. ಆದರೆ ದೇಶದ ಯಾವ ಮೂಲೆಗೂ ವರ್ಗವಾಗುವ ಪಡೆಗೆ ನಿಂತ ನೆಲದ ಮಾತು ಕೇಳಿಸೋದು ಹೇಗೆ ಅಂತ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. 2020ರ ಆಗಸ್ಟಿನಲ್ಲಿ ಚೆನ್ನೈ ನಿಲ್ದಾಣದಲ್ಲಿ ತಮಿಳಲ್ಲೋ ಇಂಗ್ಲಿಷಲ್ಲೋ ಮಾತಾಡಿ ಅಂದಿದ್ದಕ್ಕೆ, ನೀವು ಭಾರತೀಯರಾ ಅಂತ ಕೇಳಿದರೆಂದು ಸಂಸದೆ ಕನಿಮೋಳಿ ದೂರಿದರು. ಸ್ಥಳೀಯ ಭಾಷೆ ಬಲ್ಲವರನ್ನು ನಿಯೋಜಿಸುವುದಾಗಿ ಪಡೆ ಆಮೇಲೆ ಹೇಳಿತು. ಸಂಸದೆಗಾದರೆ ಮಾತು ಮೇಲಕ್ಕೆ ಹೋಗುತ್ತೆ. ಅವ್ವ ಹೋಗಿ ಆರು ಸಾಲು ಆಚೆ ಕೂತಳು, ಅಷ್ಟೇ.

ಇದು ಭಾಷಾಭಿಮಾನದ ಮಾತು ಅಂತ ಆಫೀಸಿನ ಗೆಳೆಯರು ನಗ್ತಾರೆ. ಅಭಿಮಾನ ಇದೆ, ಇಲ್ಲ ಅನ್ನಲ್ಲ. ಆದರೆ ಊರಿನ ಕಡೆ ನೋಡಿ. ಕಣದಲ್ಲಿ ಕಾಫಿ ಒಣಗುವ ಕಾಲಕ್ಕೆ ಕಳ್ಳರ ಕಾಟ, ಬೀಟ್ ಪೊಲೀಸಪ್ಪ ಟೀ ಅಂಗಡಿಯಲ್ಲಿ ನಿಂತು "ಹೊಸಬರು ಯಾರಾದ್ರೂ ಓಡಾಡ್ತಾವ್ರೇನಣ್ಣ?" ಅಂತ ಕೇಳ್ತಾನೆ. ಅವನ ಅರ್ಧ ಕೆಲಸ ಅಲ್ಲೇ ಆಗಿಹೋಗುತ್ತೆ. ಈಗ ಲೈನ್ ಮನೆಗಳಲ್ಲಿ ಅಸ್ಸಾಮಿನಿಂದ ಬಂದವರಿದ್ದಾರೆ. ಅವರ ಮನೆಯಲ್ಲೇ ಕಳವಾದರೂ ಪೊಲೀಸಪ್ಪನ ಹತ್ತಿರ ಹೇಳಿಕೊಳ್ಳೋಕೆ ಮಾತಿಲ್ಲ, ಮೊದಲ ಅನುಮಾನವೂ ಅವರ ಮೇಲೇ. ಅವ್ವನದೂ ಅವರದೂ ಒಂದೇ ಪಾಡು. ಅವರಿಗೂ ಠಾಣೆಯಲ್ಲಿ ಅವರ ಮಾತು ಬಲ್ಲವರೊಬ್ಬರು ಬೇಕು.

ವಿಮಾನದಲ್ಲಿ ಕೂತ ಮೇಲೆ ಅವ್ವ ಕೇಳಿದಳು, "ಬ್ಯಾಗ್ ಬಿಟ್ಟೋಗವ್ರೆ ಅನ್ನೋಕೆ ಹಿಂದೀಲಿ ಏನಂತಾರ್ಲಾ ಮಗಾ?" ಹೇಳಿಕೊಟ್ಟೆ. ನಾಚಿಕೆಯೂ ಆಯ್ತು.

2022ರ ಡಿಸೆಂಬರಿನಲ್ಲಿ ಬೆಂಗಳೂರಿಗೆ ಡಿಜಿಯಾತ್ರಾ ಬಂತು, ಮುಖ ತೋರಿಸಿದರೆ ಗೇಟ್ ತೆರೆಯುತ್ತೆ. ಅಂಥ ಕಡೆ ನಾನು ಕೇಳ್ತಿರೋದು ದೊಡ್ಡ ಬಜೆಟ್ಟಿನದೇನಲ್ಲ. ಪ್ರತಿ ಪಾಳಿಯಲ್ಲಿ, ಪ್ರತಿ ಗೇಟಿನ ಸಾಲಿನಲ್ಲಿ ಕನ್ನಡ ಬಲ್ಲ ಒಬ್ಬರು ಇರಲಿ, ಎದೆಯ ಮೇಲೆ ಹಾಗಂತ ಬಿಲ್ಲೆ ಇರಲಿ. ವರ್ಗವಾಗಿ ಬಂದವರಿಗೆ ಮೊದಲ ತಿಂಗಳು ಐವತ್ತು ಮಾತು ಕಲಿಸಲಿ. ಬ್ಯಾಗ್, ಬಿಟ್ಟು, ಹೋದ್ರು: ಮೂರು ಅಲ್ಲೇ ಆಯ್ತು.