ಕನ್ನಡದ ಬೆರಳಿಗೊಂದು ಕೀಲಿಮಣೆ

ಮೆಕ್ಯಾನಿಕಲ್ ಕೀಬೋರ್ಡನ್ನು ಮನೆಯಲ್ಲೇ ಕಟ್ಟಿಕೊಳ್ಳುವ ಹವ್ಯಾಸ ಈಚೆಗೆ ನಮ್ಮ ಕಡೆಯ ಹುಡುಗರಿಗೂ ಹತ್ತಿದೆ. ಅವರ ಮಾತೆಲ್ಲ ಸದ್ದು ಮತ್ತು ಬಣ್ಣದ ಸುತ್ತಲೇ: ಯಾವ ಸ್ವಿಚ್ ಹೇಗೆ ಸದ್ದು ಮಾಡುತ್ತದೆ, ಯಾವ ಕೀಕ್ಯಾಪ್‌ಗೆ ಯಾವ ಕೇಸ್ ಒಪ್ಪುತ್ತದೆ. ದಿನವಿಡೀ ಕನ್ನಡದಲ್ಲೇ ಬೆರಳಚ್ಚು ಮಾಡುವವರಿಗೆ ಇದರಿಂದ ಏನು ಸಿಕ್ಕೀತು ಎಂದು ಕೇಳುವವರು ಕಡಿಮೆ. ಕಟ್ಟೆಮಳಲವಾಡಿಯ ಮನೆಯಲ್ಲಿ ಒಂದನ್ನು ಕಟ್ಟಿ, ಅದರಲ್ಲೇ ಬರೆಯುತ್ತಿರುವ ನಾನು ಈ ಕೆಲಸವನ್ನು ತೂಗುವುದು ಆ ಪ್ರಶ್ನೆಯಿಂದಲೇ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಹವ್ಯಾಸದಲ್ಲಿ ಜನ ಹಣ ಸುರಿಯುವ ಭಾಗಗಳಿಂದ ಕನ್ನಡಕ್ಕೆ ಆಗುವ ಲಾಭ ಅಲ್ಪ. ಕಾಸಿಲ್ಲದೆ ಸಿಗುವ ಒಂದು ಭಾಗದಿಂದ ಆಗುವ ಲಾಭ ಮಾತ್ರ ಬಹಳ ದೊಡ್ಡದು.

ನಮ್ಮ ಹುಣಸೂರಿನಂಥ ತಾಲ್ಲೂಕು ಕೇಂದ್ರದಲ್ಲಿ ಕನ್ನಡ ಬೆರಳಚ್ಚು ಎಂದರೆ ಹೊಟ್ಟೆಪಾಡು. ದಸ್ತಾವೇಜು ಬರಹಗಾರರು, ಜೆರಾಕ್ಸ್ ಅಂಗಡಿಯವರು, ನಾಡಕಚೇರಿಯ ಆಪರೇಟರುಗಳು, ಮದುವೆ ಕರೆಯೋಲೆ ಮಾಡಿಕೊಡುವ ಡಿಟಿಪಿಯವರು, ಎಲ್ಲರದೂ ನಾನೂರು ಐನೂರು ರೂಪಾಯಿಯ ಕೀಬೋರ್ಡು. ಅದರ ಒಳಗಿರುವುದು ರಬ್ಬರಿನ ಗುಬ್ಬಿ ಮತ್ತು ಒಂದರ ಮೇಲೊಂದು ಹಾಸಿದ ಪ್ಲಾಸ್ಟಿಕ್ ಹಾಳೆಗಳು. ಕೀ ಪೂರ್ತಿ ತಳ ಮುಟ್ಟಿದರೇ ಅಕ್ಷರ. ಹಾಳೆಯ ಮೇಲಿನ ಗೆರೆ ಒಂದು ಕಡೆ ಸವೆದರೆ ಇಡೀ ಕೀಬೋರ್ಡು ತಿಪ್ಪೆಗೆ. ಮೆಕ್ಯಾನಿಕಲ್‌ನಲ್ಲಿ ಒಂದೊಂದು ಕೀಗೂ ಸ್ಪ್ರಿಂಗು ಮತ್ತು ಲೋಹದ ಎಲೆಯಿರುವ ತನ್ನದೇ ಸ್ವಿಚ್ ಇರುತ್ತದೆ. 4 ಮಿಲಿಮೀಟರ್ ಇಳಿತದಲ್ಲಿ ಸುಮಾರು 2 ಮಿಲಿಮೀಟರ್ ಇಳಿಯುತ್ತಿದ್ದಂತೆ ಅಕ್ಷರ ದಾಖಲಾಗುತ್ತದೆ. ಬೆರಳು ತಳಕ್ಕೆ ಗುದ್ದಬೇಕಿಲ್ಲ. 5 ಕೋಟಿ ಒತ್ತುಗಳ ಬಾಳಿಕೆ ಎಂದು ತಯಾರಕರೇ ಹೇಳಿಕೊಳ್ಳುತ್ತಾರೆ. ಅದಕ್ಕಿಂತ ನನಗೆ ಮುಖ್ಯವಾದದ್ದು, ಕೆಟ್ಟರೆ ಆ ಒಂದು ಸ್ವಿಚ್ಚನ್ನಷ್ಟೇ ಕಿತ್ತು ಹೊಸದು ಕೂರಿಸಬಹುದು ಎಂಬುದು. ಪಂಪ್‌ಸೆಟ್ ಮೋಟಾರನ್ನು ರಿವೈಂಡ್ ಮಾಡಿಸಿ ಮತ್ತೆ ಮತ್ತೆ ಬಾಳಿಸುವ ಊರಿನವರಿಗೆ ಈ ಗುಣದ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜರ್ಮನಿಯ ಚೆರ್ರಿ ಕಂಪನಿ 1980ರ ದಶಕದಲ್ಲಿ ತಂದ ಎಂಎಕ್ಸ್ ಸ್ವಿಚ್ಚೇ ಇವತ್ತಿನ ಬಹುಪಾಲು ಸ್ವಿಚ್ಚುಗಳ ಮೂಲ. ಅದರ ಪೇಟೆಂಟ್ ಅವಧಿ 2014ರ ಸುಮಾರಿಗೆ ಮುಗಿದ ಮೇಲೆ ಗೇಟರಾನ್, ಕೈಲ್ ಮುಂತಾದ ಚೀನಾದ ಕಂಪನಿಗಳು ಅದೇ ಅಳತೆಯ ಸ್ವಿಚ್ಚುಗಳನ್ನು ಕಡಿಮೆ ಬೆಲೆಗೆ ಮಾರತೊಡಗಿದವು. ಹಳ್ಳಿಯಲ್ಲಿ ಕೂತವರಿಗೂ ಇದು ಎಟುಕುವಂತಾದದ್ದು ಹಾಗೆ.

ಕಟ್ಟುವ ಕೆಲಸದಲ್ಲಿ ತಿಳಿಯಲೇಬೇಕಾದ್ದು ಒಂದಿದೆ. ನಾನು ಕಟ್ಟಿದ್ದು 61 ಕೀಗಳ ಸಣ್ಣ ಬೋರ್ಡು. 61 ಕೀಗೆ 61 ತಂತಿ ಎಳೆದರೆ ಅದಕ್ಕೆ ತಕ್ಕಷ್ಟು ಕಾಲುಗಳಿರುವ ಚಿಪ್ಪು ಬೇಕಾಗುತ್ತದೆ. ಅದಕ್ಕೇ ಕೀಗಳನ್ನು 5 ಅಡ್ಡ ಸಾಲು, 14 ಕಂಬಸಾಲುಗಳಾಗಿ ಹೆಣೆಯುತ್ತಾರೆ. 19 ತಂತಿಗಳಲ್ಲಿ ಕೆಲಸ ಮುಗಿಯುತ್ತದೆ. ಚಿಪ್ಪು ಒಂದೊಂದೇ ಸಾಲಿಗೆ ಸರದಿಯಂತೆ ವಿದ್ಯುತ್ ಬಿಟ್ಟು, ಯಾವ ಕಂಬಸಾಲಿನಲ್ಲಿ ಅದು ಕಾಣಿಸಿತು ಎಂದು ನೋಡುತ್ತದೆ. ಹಲವು ಕೀಗಳನ್ನು ಒಟ್ಟಿಗೆ ಒತ್ತಿದಾಗ ವಿದ್ಯುತ್ ಹಿಂದಕ್ಕೆ ಹರಿದು, ಒತ್ತದ ಕೀಯನ್ನೂ ಒತ್ತಿದಂತೆ ತೋರಿಸಬಹುದು. ಅದನ್ನು ತಡೆಯಲು ಪ್ರತಿ ಸ್ವಿಚ್ಚಿಗೂ ಒಂದೊಂದು ಡಯೋಡ್. ಜೋಳದ ಕಾಳಿನಷ್ಟು ಸಣ್ಣ ಗಾಜಿನ ಕೊಳವೆ ಅದು, ಒಂದು ತುದಿಯಲ್ಲಿ ಕಪ್ಪು ಪಟ್ಟಿ. ಎಲ್ಲ ಪಟ್ಟಿಗಳೂ ಒಂದೇ ದಿಕ್ಕಿಗೆ ಇರಬೇಕು. ತಿರುಗಿ ಕೂತ ಡಯೋಡಿನ ಕೀ ಮೌನವಾಗಿರುತ್ತದೆ. ಸಾಲ್ಡರಿಂಗ್ ಐರನ್ನಿನ ತುದಿಯನ್ನು ಕಾಲಿಗೂ ತಗಡಿನ ಉಂಗುರಕ್ಕೂ ಒಟ್ಟಿಗೆ ತಾಗಿಸಿ, ಎರಡೂ ಕಾದ ಮೇಲೆ ಬೆಸುಗೆ ತಂತಿ ಮುಟ್ಟಿಸಿದರೆ ಸೀಸ ತಾನೇ ಹರಿದು ಉಂಗುರವನ್ನು ತುಂಬುತ್ತದೆ, ಆರಿದ ಮೇಲೆ ಹೊಳೆಯುತ್ತದೆ. ಗುಂಡಗೆ ಮುದ್ದೆಯಾಗಿ ಮಂಕಾಗಿ ಕೂತರೆ ಬೆಸುಗೆ ಹಿಡಿದಿಲ್ಲವೆಂದೇ ಅರ್ಥ. ಹೊಗೆ ಮೂಗಿಗೆ ಹೋಗದಂತೆ ಕಿಟಕಿ ತೆರೆದಿಟ್ಟು ಮಾಡುವ ಕೆಲಸ. ರೇಡಿಯೊ ರಿಪೇರಿ ಗೊತ್ತಿದ್ದವರಿಗೆ ಇದು ಕಷ್ಟವಲ್ಲ, ಹೊಸಬರಿಗೂ ಕೈ ಬೇಗ ಪಳಗುತ್ತದೆ.

ಹವ್ಯಾಸಿಗಳು ಬಹಳ ಹೊತ್ತು ಕಳೆಯುವುದು ಇದಾದ ಮೇಲಿನ ಕೆಲಸಗಳಲ್ಲಿ. ಒಂದೊಂದು ಸ್ವಿಚ್ಚನ್ನೂ ಬಿಚ್ಚಿ, ಮೇಲ್ಮುಚ್ಚಳ, ನಡುವಿನ ದಂಡು, ಸ್ಪ್ರಿಂಗು, ತಳ ಎಂದು ನಾಲ್ಕು ಮಾಡಿ, ಸಣ್ಣ ಬ್ರಷ್ಷಿನಲ್ಲಿ ಗ್ರೀಸ್ ಸವರಿ ಮತ್ತೆ ಜೋಡಿಸುತ್ತಾರೆ. ಕೇಸಿನೊಳಗೆ ಫೋಮ್ ತುಂಬುತ್ತಾರೆ. ಸ್ಪ್ರಿಂಗಿನ ಕಿಣಿಕಿಣಿ ಹೋಗಿ ಸದ್ದು ಮೆತ್ತಗಾಗುವುದು ನಿಜ. ಆದರೆ ನನ್ನ ಬರವಣಿಗೆಯ ವೇಗವಾಗಲಿ ತಪ್ಪಿನ ಪ್ರಮಾಣವಾಗಲಿ ಅದರಿಂದ ಬದಲಾಗಲಿಲ್ಲ. ಗ್ರೀಸ್ ಹಾಕಲೇಬೇಕಾದ್ದು ಸ್ಪೇಸ್‌ಬಾರಿನ ಕೆಳಗಿನ ತಂತಿಗೆ ಮಾತ್ರ. ಅದು ಗಡಗಡ ಎನ್ನುತ್ತಿದ್ದರೆ ರಾತ್ರಿ ಬರೆಯುವಾಗ ಮನೆಯವರ ನಿದ್ದೆ ಕೆಡುತ್ತದೆ. ಅದೇ ಕಾರಣಕ್ಕೆ ಕ್ಲಿಕ್ ಎನ್ನುವ ನೀಲಿ ಸ್ವಿಚ್ಚನ್ನು ಬಿಟ್ಟು ನಾನು ಕಂದು ಬಣ್ಣದ್ದನ್ನು ಆರಿಸಿದೆ.

ಇನ್ನು ಕನ್ನಡಕ್ಕೆ ಬರೋಣ. ಇಲ್ಲಿ ಮೊದಲು ನೆನೆಯಬೇಕಾದವರು ಕೆ.ಪಿ. ರಾವ್. ಮಂಗಳೂರಿನ ಬಳಿಯ ಕಿನ್ನಿಕಂಬಳದ ಪದ್ಮನಾಭ ರಾವ್ ಅವರು ಕನ್ನಡಕ್ಕೆ ರೂಪಿಸಿದ ಕೀಲಿಮಣೆ ವಿನ್ಯಾಸವೇ ಮುಂದೆ ಸರ್ಕಾರದ ಅಂಗೀಕಾರ ಪಡೆಯಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದಲ್ಲಿರುವುದೂ ಅದೇ. ಲಿನಕ್ಸ್‌ನಲ್ಲಿ ಕಗಪ ಎಂಬ ಹೆಸರಿನಿಂದ ಸಿಗುತ್ತದೆ. ಪ್ರತಿ ವ್ಯಂಜನವೂ ಅಕಾರ ಸಮೇತವೇ ಮೂಡುವುದರಿಂದ ಅಕಾರಕ್ಕೆ ಬೇರೆ ಕೀ ಒತ್ತಬೇಕಿಲ್ಲ. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದರೆ ಖ. ಟ ಮತ್ತು ಡ ಕ್ಯೂ, ಡಬ್ಲ್ಯೂ ಕೀಗಳಲ್ಲಿವೆ. ಒತ್ತಕ್ಷರ ಮಾಡುವ ವಿರಾಮ ಚಿಹ್ನೆ ಎಫ್ ಕೀಯಲ್ಲಿದೆ. ‘ಕನ್ನಡ’ ಎಂಬ ಮಾತಿಗೆ ಐದೇ ಒತ್ತು: ಕ, ನ, ವಿರಾಮ, ನ, ಡ. ನಮ್ಮೂರಿನ ಹೆಸರನ್ನೇ ಹೊಡೆದು ನೋಡಿ. ‘ಕಟ್ಟೆಮಳಲವಾಡಿ’ಗೆ ಇಲ್ಲಿ 12 ಒತ್ತು, ಎರಡು ಸಲ ಶಿಫ್ಟ್. ಇಂಗ್ಲಿಷ್ ಅಕ್ಷರಗಳಲ್ಲಿ ಉಚ್ಚಾರದಂತೆ ಬರೆಯುವ ‘ಬರಹ’ ತಂತ್ರಾಂಶದ ಕ್ರಮದಲ್ಲಿ 15 ಒತ್ತು, ಐದು ಸಲ ಶಿಫ್ಟ್. ಎಫ್ ಕೀ ಎಡಗೈ ತೋರುಬೆರಳು ಸದಾ ಕೂತಿರುವ ಜಾಗ. ಕುರುಡುಗೈಗೆ ಗುರುತು ಸಿಗಲೆಂದು ಅದರ ಮೇಲೊಂದು ಸಣ್ಣ ಉಬ್ಬೂ ಇರುತ್ತದೆ. ಕನ್ನಡದಲ್ಲಿ ಅಷ್ಟೊಂದು ಬಳಕೆಯಾಗುವ ಚಿಹ್ನೆಯನ್ನು ಅಲ್ಲಿಗೆ ತಂದು ಕೂರಿಸಿದ್ದು, ಭಾಷೆಯ ಒಳಗು ಬಲ್ಲವರಿಗೆ ಮಾತ್ರ ಹೊಳೆಯುವ ತೀರ್ಮಾನ.

ಆದರೆ ಆ ವಿನ್ಯಾಸ ಕೂತಿರುವುದು ಇಂಗ್ಲಿಷಿಗೆಂದು ಮಾಡಿದ ಮಣೆಯ ಮೇಲೆ. ಇಂಗ್ಲಿಷಿನಲ್ಲಿ ಶಿಫ್ಟ್ ಬೇಕಾಗುವುದು ವಾಕ್ಯದ ಆರಂಭಕ್ಕೆ, ಹೆಸರುಗಳಿಗೆ. ನಮಗೋ ಹೆಚ್ಚುಕಡಿಮೆ ಪ್ರತಿ ಪದಕ್ಕೂ ಬೇಕು: ಕಾಗುಣಿತದ ದೀರ್ಘಗಳು, ಅನುಸ್ವಾರ, ಣ, ಳ, ಶ, ಮಹಾಪ್ರಾಣ, ಎಲ್ಲಕ್ಕೂ ಶಿಫ್ಟ್. ಅಷ್ಟು ಕೆಲಸವೂ ಕೈಯ ಅತಿ ದುರ್ಬಲವಾದ ಕಿರುಬೆರಳಿನ ಪಾಲು. ಆ-ಕಾರದ ಚಿಹ್ನೆಗೆ ಎ ಕೀಯನ್ನು ಒತ್ತುವುದೂ ಎಡಗೈ ಕಿರುಬೆರಳೇ, ಹತ್ತಿರದ ಶಿಫ್ಟನ್ನು ಹಿಡಿಯುವುದೂ ಅದೇ. ಕ್ರಮವಾಗಿ ಕಲಿತವರು ಬಲಗಡೆಯ ಶಿಫ್ಟ್ ಬಳಸುತ್ತಾರೆ. ಅಂಗಡಿಯಲ್ಲಿ ನೋಡಿ ನೋಡಿ ಕಲಿತವರು ಕೈಯನ್ನೇ ಎತ್ತಿ ಪಕ್ಕಕ್ಕೆ ಸರಿಸುತ್ತಾರೆ, ಮತ್ತೆ ಜಾಗಕ್ಕೆ ತರುತ್ತಾರೆ. ‘ಮಾತಾಡಿದಾಗ’ ಎಂಬ ಒಂದೇ ಪದದಲ್ಲಿ ಇದು ಮೂರು ಸಲ ಆಗುತ್ತದೆ. ದಿನಕ್ಕೆ ಹತ್ತಾರು ಪುಟ ಹೊಡೆಯುವವರು ಸಂಜೆಗೆ ಮಣಿಕಟ್ಟು ಹಿಡಿದುಕೊಳ್ಳುವುದು ಸುಮ್ಮನೆ ಅಲ್ಲ.

ಕೈಯಾರೆ ಕಟ್ಟಿದ ಕೀಲಿಮಣೆಯ ನಿಜವಾದ ಶಕ್ತಿ ಇಲ್ಲಿ ಕಾಣುತ್ತದೆ. ಅದರೊಳಗಿನ ಚಿಪ್ಪಿಗೆ ತುಂಬುವ ಕ್ಯುಎಂಕೆ ಎಂಬ ಮುಕ್ತ ತಂತ್ರಾಂಶ ಉಚಿತ. ಅದು ಕಂಪ್ಯೂಟರಿಗೆ ಕನ್ನಡ ಅಕ್ಷರವನ್ನು ಕಳಿಸುವುದಿಲ್ಲ. ಯಾವ ಕೀ ಒತ್ತಲಾಯಿತು ಎಂಬ ಸಂಕೇತವನ್ನಷ್ಟೇ ಕಳಿಸುತ್ತದೆ. ಅದನ್ನು ಕನ್ನಡವಾಗಿಸುವುದು ಕಂಪ್ಯೂಟರಿನಲ್ಲಿರುವ ನುಡಿ ಅಥವಾ ಕಗಪ. ಆದರೆ ಯಾವ ಸಂಕೇತ, ಯಾವಾಗ, ಶಿಫ್ಟಿನೊಡನೆಯೋ ಅಲ್ಲದೆಯೋ ಎಂಬುದನ್ನೆಲ್ಲ ನಾವೇ ಬರೆದುಕೊಳ್ಳಬಹುದು.

ನಾನು ಮೊದಲು ಮಾಡಿಕೊಂಡದ್ದು ಶಿಫ್ಟನ್ನು ಹೆಬ್ಬೆರಳಿಗೆ ಕೊಡುವ ಕೆಲಸ. ಸ್ಪೇಸ್ ಕೀಯನ್ನು ತಟ್ಟಿ ಬಿಟ್ಟರೆ ಜಾಗ, ಒತ್ತಿ ಹಿಡಿದರೆ ಶಿಫ್ಟ್. ಎರಡು ಹೆಬ್ಬೆರಳಿದ್ದೂ ಜಾಗ ಬಿಡುವ ಕೆಲಸವೊಂದನ್ನೇ ಅವಕ್ಕೆ ವಹಿಸಿದ್ದ ವ್ಯವಸ್ಥೆ ಇದರಿಂದ ಬದಲಾಯಿತು, ಕೈ ಜಾಗ ಬಿಟ್ಟು ಕದಲುವುದು ನಿಂತಿತು. ಒಂದು ತೊಡಕು ಉಳಿಯಿತು. ‘ಹಳ್ಳಿ’, ‘ಕಣ್ಣು’ ಬರೆಯುವಾಗ ಳ ಮತ್ತು ಳ ನಡುವೆ, ಣ ಮತ್ತು ಣ ನಡುವೆ ವಿರಾಮಕ್ಕೆಂದು ಶಿಫ್ಟ್ ಬಿಟ್ಟು ಮತ್ತೆ ಹಿಡಿಯಬೇಕು. ಶಿಫ್ಟ್ ಹಿಡಿದಿದ್ದರೂ ಎಫ್ ಮಾತ್ರ ಬರಿಯ ಎಫ್ ಆಗಿಯೇ ಹೋಗಲಿ ಎಂದು ಒಂದು ಸಾಲು ಸೇರಿಸಿದರೆ ಹಳ್ಳಿ, ಬಳ್ಳಿ, ಮಣ್ಣು, ಹಣ್ಣು ಎಲ್ಲವೂ ಒಂದೇ ಹಿಡಿತದಲ್ಲಿ ಹರಿಯುತ್ತವೆ. ಕೋಟಿಗಟ್ಟಲೆ ಕೀಬೋರ್ಡ್ ಮಾಡಿ ಮಾರುವ ಯಾವ ಕಾರ್ಖಾನೆಯೂ ಈ ಒಂದು ಸಾಲನ್ನು ನಮಗಾಗಿ ಬರೆದುಕೊಡುವುದಿಲ್ಲ.

ಇನ್ನೊಂದು ಸೌಲಭ್ಯ ನನಗೆ ಹೆಚ್ಚು ಪ್ರಿಯವಾದದ್ದು. ಕೀಯನ್ನು ಬೇಗ ಬಿಟ್ಟರೆ ಸಾದಾ ಅಕ್ಷರ, 175 ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿದರೆ ಶಿಫ್ಟಿನ ಅಕ್ಷರ. ಇಂಗ್ಲಿಷ್ ಬರೆಯುವವರಿಗೆ ಅದು ದೊಡ್ಡಕ್ಷರದ ಅನುಕೂಲ ಅಷ್ಟೆ. ಕೆ.ಪಿ. ರಾವ್ ವಿನ್ಯಾಸದಲ್ಲಿ ಹ್ರಸ್ವವೂ ದೀರ್ಘವೂ ಒಂದೇ ಕೀಯಲ್ಲಿರುವುದರಿಂದ ಇದರ ಅರ್ಥವೇ ಬದಲಾಗುತ್ತದೆ. ಐ ಕೀಯನ್ನು ತಟ್ಟಿದರೆ ಗುಡಿಸು, ಎಳೆದರೆ ಗುಡಿಸಿನ ದೀರ್ಘ. ಒಂದು ಮಾತ್ರೆಗೆ ಒಂದು ಮಾತ್ರೆಯ ಕಾಲ, ಎರಡಕ್ಕೆ ಎರಡು. ಬಾಯಲ್ಲಿ ಎಳೆದದ್ದನ್ನು ಬೆರಳಲ್ಲೂ ಎಳೆಯಬಹುದು. ರಾಯರು ತಮ್ಮ ಹಿಂದಿನ ಕನ್ನಡ ತಂತ್ರಾಂಶಕ್ಕೆ ‘ಸೇಡಿಯಾಪು’ ಎಂದು ಹೆಸರಿಟ್ಟಿದ್ದರು. ಕನ್ನಡ ಛಂದಸ್ಸನ್ನು ಆಳವಾಗಿ ವಿವೇಚಿಸಿದ ಸೇಡಿಯಾಪು ಕೃಷ್ಣಭಟ್ಟರ ಹೆಸರು ಅದು. ಅವರ ಹೆಸರು ಹೊತ್ತ ಪರಂಪರೆಯ ಕೀಲಿಮಣೆ ಮಾತ್ರೆಯ ಲೆಕ್ಕವನ್ನು ಬೆರಳಿಗೂ ಕಲಿಸಬಲ್ಲದು ಎಂಬುದು ನನಗೆ ತುಂಬ ಸಂತೋಷ ಕೊಡುತ್ತದೆ. ಕನ್ನಡಕ್ಕಿರುವ ಇನ್ನೊಂದು ಕೀಲಿಮಣೆಯಾದ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಹ್ರಸ್ವ ದೀರ್ಘಗಳಿಗೆ ಬೇರೆ ಬೇರೆ ಕೀಗಳಿರುವುದರಿಂದ ಅಲ್ಲಿ ಇದು ಸಾಧ್ಯವಾಗದು.

ಹಾಗೆಂದು ಇದನ್ನು ಎಲ್ಲ ಕೀಗಳಿಗೂ ಹಾಕಬಾರದು. ವ್ಯಂಜನಗಳಿಗೆ ಹಾಕಿದರೆ ಕೈ ತುಸು ನಿಧಾನವಾದಾಗ ಲ ಹೋಗಿ ಳ ಆಗುತ್ತದೆ, ನ ಹೋಗಿ ಣ. ‘ಬಲೆ’ ‘ಬಳೆ’ಯಾದರೆ, ‘ಮನೆ’ ‘ಮಣೆ’ಯಾದರೆ ಎರಡೂ ಸರಿಯಾದ ಪದಗಳೇ, ಕಾಗುಣಿತ ತಪಾಸಣೆಗೂ ಸಿಕ್ಕುವುದಿಲ್ಲ, ಕರಡು ತಿದ್ದುವವರ ಕಣ್ಣಿಗೂ ತಪ್ಪಿಸಿಕೊಳ್ಳುತ್ತದೆ. ಕ್ರಯಪತ್ರದಲ್ಲಿ ಅಂಥ ತಪ್ಪು ನುಸುಳಿದರೆ ತಿದ್ದುಪಡಿ ಪತ್ರಕ್ಕೆ ಮತ್ತೆ ಓಡಾಡಬೇಕು. ಆದ್ದರಿಂದ ಸ್ವರಗಳ ಐದು ಕೀಗಳಿಗಷ್ಟೇ ಇದು ಇರಲಿ, ಉಳಿದದ್ದಕ್ಕೆ ಹೆಬ್ಬೆರಳ ಶಿಫ್ಟ್. ತಟ್ಟಿದ ಕೀಯ ಅಕ್ಷರ ಅದನ್ನು ಬಿಟ್ಟ ಮೇಲಷ್ಟೇ ಪರದೆಗೆ ಬರುವುದರಿಂದ ಒಂದು ಕ್ಷಣದ ಹಿಂಜರಿಕೆ ಕಾಣುತ್ತದೆ. ಬಹಳ ವೇಗದ ಬೆರಳಚ್ಚುಗಾರರಿಗೆ ಅದು ಒಗ್ಗದೆ ಹೋಗಬಹುದು. ಹೀಗೆ ಆಯ್ದ ಕೀಗಳಿಗೆ ಮಾತ್ರ ಹಾಕಲು ಸಿ ಭಾಷೆಯಲ್ಲಿ ನಾಲ್ಕಾರು ಸಾಲು ಬರೆಯಬೇಕು ಎಂಬುದೂ ಒಂದು ಅಡ್ಡಿಯೇ. ಒಮ್ಮೆ ಬರೆದಿಟ್ಟರೆ ಮಾತ್ರ ಅದು ಕೀಲಿಮಣೆಯೊಳಗೇ ಉಳಿಯುತ್ತದೆ. ಹೊಸ ತಂತ್ರಾಂಶ ಹಾಕಲು ಅನುಮತಿಯಿಲ್ಲದ ಕಚೇರಿಯ ಕಂಪ್ಯೂಟರಿಗೆ ಸಿಕ್ಕಿಸಿದರೂ, ನುಡಿ ಅಲ್ಲಿದ್ದರೆ ಸಾಕು, ಅದೇ ನಡೆ.

ಕೊರತೆಗಳಲ್ಲಿ ದೊಡ್ಡದು ಕೀಕ್ಯಾಪಿನದು. ಜಪಾನಿ, ಕೊರಿಯನ್, ರಷ್ಯನ್ ಅಕ್ಷರಗಳನ್ನು ಅಚ್ಚು ಹಾಕಿದ ಒಳ್ಳೆಯ ಪಿಬಿಟಿ ಪ್ಲಾಸ್ಟಿಕ್ಕಿನ ಕೀಕ್ಯಾಪುಗಳು ಬೇಕಾದಷ್ಟು ಸಿಗುತ್ತವೆ. ಕನ್ನಡಕ್ಕೆ ನನ್ನ ಕೈಗೆ ಸಿಕ್ಕಿದ್ದು ಅಂಟಿಸುವ ಸ್ಟಿಕ್ಕರ್ ಮಾತ್ರ. ಬೆರಳಿನ ಬೆವರಿಗೆ ಅದರ ಅಂಚು ಏಳುತ್ತದೆ, ಮಳೆಗಾಲದಲ್ಲಿ ಇನ್ನೂ ಬೇಗ. ಕನ್ನಡದ ಹೆಸರಿನಲ್ಲಿ ಕೆಲಸ ಮಾಡುವ ಪ್ರಾಧಿಕಾರ, ಪರಿಷತ್ತುಗಳು ಕೆ.ಪಿ. ರಾವ್ ವಿನ್ಯಾಸದ ಒಂದು ಕೀಕ್ಯಾಪ್ ಸೆಟ್ಟನ್ನು ಮಾಡಿಸಿದರೆ ಅದು ಎಷ್ಟೋ ಭಾಷಣಗಳಿಗಿಂತ ಹೆಚ್ಚು ಉಪಕಾರ. ಖರ್ಚಿನ ಮಾತೂ ಇದೆ. ಸ್ವಿಚ್ಚು, ಬೋರ್ಡು, ಕೇಸು, ಕೀಕ್ಯಾಪು ಎಲ್ಲ ಸೇರಿ ಐದಾರು ಸಾವಿರ ರೂಪಾಯಿ ಆಗಿಯೇ ಆಗುತ್ತದೆ. ಸದ್ದು ಬಣ್ಣಗಳಿಗಾಗಿಯೇ ಆದರೆ ಅಷ್ಟು ಕೊಡಬೇಡಿ ಎನ್ನುತ್ತೇನೆ. ಕನ್ನಡ ಬೆರಳಚ್ಚೇ ಅನ್ನವಾಗಿರುವವರಿಗೆ, ಕೈನೋವು ಶುರುವಾಗಿರುವವರಿಗೆ, ಅದು ದುಬಾರಿಯಲ್ಲ.

ಕಟ್ಟುವ ಮನಸ್ಸಿದ್ದವರಿಗೆ ಒಂದು ಮಾತು. ಮೊದಲು ಇರುವ ಕೀಬೋರ್ಡಿನಲ್ಲೇ ಕೆ.ಪಿ. ರಾವ್ ವಿನ್ಯಾಸವನ್ನು ಕೀ ನೋಡದೆ ಹೊಡೆಯುವಷ್ಟು ಕಲಿಯಿರಿ. ಯಾವ ಬೆರಳು ಎಲ್ಲಿ ನೋಯುತ್ತದೆ ಎಂದು ಗೊತ್ತಾದ ಮೇಲೆ ಸಾಲ್ಡರಿಂಗ್ ಐರನ್ ತನ್ನಿ. ನೀವು ಬರೆದುಕೊಂಡ ಕೀ ವಿನ್ಯಾಸದ ಕಡತವನ್ನು ನಿಮ್ಮ ತಾಲ್ಲೂಕು ಕಚೇರಿ ಎದುರಿನ ಬೆರಳಚ್ಚುಗಾರರಿಗೂ ಕೊಡಿ.